ಸಂತೆಯೂರಿಗೆ ಬಂದ ಮಕ್ಕಳು

ಹೆತ್ತ ಮಗುವನ್ನು ತನ್ನ ಕೈಯಾರೆ ಅಪರಿಚಿತರ ಮನೆಗೆ ಕಳುಹಿಸಿಕೊಡುವ ಕಾಲವು ಯಾವ ತಾಯಿಗೂ ಬಾರದಿರಲಿ. ಆದರೆ 1939ನೆಯ ಇಸವಿ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಅಸಂಖ್ಯಾತ ತಾಯಂದಿರಿಗೆ ಅಂಥ ಕಾಲವು ಒದಗಿತು. ಯುದ್ಧಘೋಷಣೆಗೆ ಇನ್ನು ಎರಡೇ ದಿನಗಳಿದ್ದುವು. ಶತ್ರುವಿಮಾನಗಳು ಲಂಡನ್ ಮೊದಲಾದ ಮಹಾನಗರಗಳ ಮೇಲೆ ಬಾಂಬುಗಳನ್ನು ಸುರಿಸುವುವೆಂಬ ಭೀತಿಯಿಂದ ಸರಕಾರದವರು ಮೂರು ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು ಹಳ್ಳಿಪೇಟೆಗಳಿಗೆ ಸಾಗಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಯ ಮಕ್ಕಳು.

ಎದೆಯ ಮೇಲೆ ಹೆಸರಿನ ಚೀಟಿ, ಹೆಗಲಿನಲ್ಲಿ ವಿಷವಾಯುವಿನಿಂದ ಕಾಪಾಡುವ ಮುಖವಾಡದ ರಟ್ಟಿನ ಪೆಟ್ಟಿಗೆ, ಕೈಯಲ್ಲಿ ಬಟ್ಟೆಯ ಗಂಟು. ಇಷ್ಟರೊಡನೆ ಮಕ್ಕಳು ಉಪಾಧ್ಯಾಯರ ಹಿಂದೆ ಸಾಲಾಗಿ ನಡೆದು ರೈಲು ಹತ್ತಿದರು. ಆ ರೈಲು ಎಲ್ಲಿಗೆ ಹೋಗುವುದೆಂಬುದು ಅನೇಕ ತಾಯಿತಂದೆಗಳಿಗೆ ತಿಳಿದಿರಲಿಲ್ಲ. ಹೊಸ ಮನೆಯ ವಿಳಾಸವನ್ನು ಹೊತ್ತ ಕಾರ್ಡು ಬರುವ ತನಕ ಅವರು ಅಂಚೆಯವನ ದಾರಿಯನ್ನೇ ಕಾಯಬೇಕಾಯಿತು.

ಮಕ್ಕಳನ್ನು ಬರಮಾಡಿಕೊಂಡ ಊರುಗಳಲ್ಲಿ ಎಸೆಕ್ಸ್ ಪ್ರಾಂತದ ಸ್ಯಾಫ್ರನ್ ವಾಲ್ಡನ್ ಎಂಬುದೊಂದು. ಲಂಡನ್ನಿಗೆ ಸುಮಾರು 40 ಮೈಲಿ ದೂರದ ಈ ಊರಿನ ಹೆಸರಿನಲ್ಲಿಯೇ ಕೇಸರಿಯಿದೆ. 16, 17ನೆಯ ಶತಮಾನಗಳಲ್ಲಿ ಸುತ್ತಲಿನ ಹೊಲಗಳಲ್ಲಿ ಕೇಸರಿಯ ಬೆಳೆಯಿದ್ದುದೇ ಇದಕ್ಕೆ ಕಾರಣ. ನಡುವೆ ಸಂತೆಯ ಚೌಕ, ಮೇಲೆ ಎತ್ತರವಾದ ಇಗರ್ಜಿಯ ಶಿಖರ, ಅಂಚಿನಲ್ಲಿ ವಿಶಾಲವಾದ ಹುಲ್ಲುಗಾವಲು. ಗಿರಣಿಯ ಹೊಗೆಯಲ್ಲಿಯೂ ಇಕ್ಕಟ್ಟಾದ ಬೀದಿಗಳಲ್ಲಿಯೂ ಬೆಳೆದ ಮಕ್ಕಳಿಗೆ ಇಂತಹ ಸಂತೆಯೂರುಗಳು ಬೇರೊಂದು ಲೋಕವಾಗಿ ಕಂಡುವು. ಹಾಲು ಹಸುವಿನ ಕೆಚ್ಚಲಿನಿಂದ ಬರುವುದನ್ನು ಅಲ್ಲಿಯೇ ಮೊದಲು ಕಂಡವರು ಹಲವರು.

ಆದರೆ ಆ ದಿನಗಳನ್ನು ಅನುಭವಿಸಿದವರು ಮುಪ್ಪಿನಲ್ಲಿಯೂ ಮರೆಯದೆ ಹೇಳಿದ ಸಂಗತಿ ಮತ್ತೊಂದು. ಅನೇಕ ಊರುಗಳಲ್ಲಿ ಮಕ್ಕಳನ್ನು ಸಭಾಮಂದಿರದಲ್ಲಿ ನಿಲ್ಲಿಸಲಾಗುತ್ತಿತ್ತು; ಊರವರು ಬಂದು ತಮಗೆ ಒಪ್ಪಿದವರನ್ನು ಆರಿಸಿ ಕರೆದೊಯ್ಯುತ್ತಿದ್ದರು. ಶುಭ್ರವಾದ ಉಡುಪಿನವರು ಮೊದಲು ಹೋದರು. ಬಡಕಲು ಮೈಯವರೂ, ತಮ್ಮತಂಗಿಯರ ಕೈಬಿಡಲೊಲ್ಲದವರೂ ಕೊನೆಯವರೆಗೆ ನಿಂತರು. ಆತಿಥೇಯರಿಗೆ ಸರಕಾರವು ಒಂದು ಮಗುವಿಗೆ ವಾರಕ್ಕೆ 10 ಷಿಲ್ಲಿಂಗ್ 6 ಪೆನ್ಸನ್ನೂ, ಹೆಚ್ಚು ಮಕ್ಕಳಿದ್ದರೆ ತಲೆಗೆ 8 ಷಿಲ್ಲಿಂಗ್ 6 ಪೆನ್ಸನ್ನೂ ಕೊಡುತ್ತಿತ್ತು. ಹಣವು ಊಟಕ್ಕಾಯಿತು, ಅಕ್ಕರೆಯು ಮಾತ್ರ ಮನೆಯೊಡತಿಯ ಮನಸ್ಸಿಗೆ ಬಿಟ್ಟದ್ದಾಗಿತ್ತು. ಮಕ್ಕಳನ್ನು ಹೊಟ್ಟೆಯಲ್ಲಿ ಹುಟ್ಟಿದವರಂತೆ ಕಂಡ ಮನೆಗಳೂ ಇದ್ದುವು, ಕೆಲಸದಾಳುಗಳಂತೆ ದುಡಿಸಿದ ಮನೆಗಳೂ ಇದ್ದುವು.

ತಲೆಯಲ್ಲಿ ಹೇನು, ಕಾಲಿನಲ್ಲಿ ಹರಕು ಜೋಡು, ರಾತ್ರಿ ಹಾಸಿಗೆ ಒದ್ದೆ. ಇವುಗಳನ್ನು ಕಂಡ ಗೃಹಿಣಿಯರಲ್ಲಿ ಕೆಲವರು ಮಕ್ಕಳನ್ನು ಹಳಿದರು. ಹಾಸಿಗೆ ಒದ್ದೆಯಾದುದಕ್ಕೆ ತಾಯಿಯನ್ನಗಲಿದ ದುಃಖವೂ ಕಾರಣವೆಂಬುದು ಎಲ್ಲರಿಗೂ ಹೊಳೆಯಲಿಲ್ಲ. ಮೊದಲ ತಿಂಗಳುಗಳಲ್ಲಿ ಬಾಂಬು ಬೀಳದಿರಲು ಬಹುಮಂದಿ ತಾಯಂದಿರು ಮಕ್ಕಳನ್ನು ಮರಳಿ ಕರೆತಂದರು. 1940ನೆಯ ಸೆಪ್ಟೆಂಬರ್ 7ರಂದು ಲಂಡನ್ನಿನ ಮೇಲೆ ಘೋರವಾದ ದಾಳಿಯು ಮೊದಲಾದಾಗ ಮತ್ತೆ ಮಕ್ಕಳ ಪ್ರಯಾಣವೂ ಮೊದಲಾಯಿತು.

ಆ ಯುದ್ಧಕಾಲದಲ್ಲಿ ಲಂಡನ್ನಿನಲ್ಲಿ ಶಿಶುಗೃಹಗಳನ್ನು ನಡೆಸಿದ ಆನ್ನಾ ಫ್ರಾಯ್ಡ್ ಮತ್ತು ಡೊರತಿ ಬರ್ಲಿಂಗ್‌ಹ್ಯಾಮ್ ಎಂಬ ವಿದುಷಿಯರು, ಎಳೆಯ ಮಕ್ಕಳಿಗೆ ಬಾಂಬಿನ ಸದ್ದಿಗಿಂತಲೂ ತಾಯಿಯ ಅಗಲಿಕೆಯೇ ಹೆಚ್ಚಿನ ಆಘಾತವೆಂದು ಕಂಡುಕೊಂಡರು.

ಇಷ್ಟಾದರೂ ಆ ಸಂಕಟವು ನಿಷ್ಫಲವಾಗಲಿಲ್ಲ. ನಗರದ ಬಡತನವನ್ನು ಕೇಳಿ ಮಾತ್ರ ಬಲ್ಲವರು ಅದನ್ನು ತಮ್ಮ ಅಡಿಗೆಮನೆಯಲ್ಲಿಯೇ ಕಂಡರು. ಕಂಡ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಸ್ಯಾಫ್ರನ್ ವಾಲ್ಡನ್ನಿನ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿ ಕುಳಿತಿದ್ದ ಆರ್. ಎ. ಬಟ್ಲರ್ ಅವರೇ 1941ರಲ್ಲಿ ವಿದ್ಯಾಭ್ಯಾಸದ ಮಂತ್ರಿಗಳಾದರು. ಅವರು ತಂದ 1944ನೆಯ ಶಿಕ್ಷಣ ಶಾಸನವು ಪ್ರೌಢವಿದ್ಯೆಯನ್ನು ಶುಲ್ಕವಿಲ್ಲದೆ ದೊರಕಿಸಿತು. ಶಾಲೆಯಲ್ಲಿ ಹಾಲು, ಊಟಗಳನ್ನು ಒದಗಿಸುವುದು ಸ್ಥಳೀಯ ಅಧಿಕಾರಿಗಳ ಕರ್ತವ್ಯವೆಂದು ವಿಧಿಸಿತು. ಮರುವರುಷ, ಎರಡನೆಯ ಮಗುವಿನಿಂದ ಮೊದಲ್ಗೊಂಡು ಪ್ರತಿ ಮಗುವಿಗೂ ವಾರಕ್ಕೆ 5 ಷಿಲ್ಲಿಂಗ್ ಸಹಾಯಧನವನ್ನು ಕೊಡುವ ಶಾಸನವೂ ಬಂದಿತು.

ಮಗುವಿಗೆ ಸೂರು ಬೇಕು, ಅನ್ನ ಬೇಕು. ಇವೆರಡನ್ನೂ ಸರಕಾರವು ಒದಗಿಸಬಲ್ಲುದು. ಸಭಾಮಂದಿರದಲ್ಲಿ ಕೊನೆಗುಳಿದ ಮಗುವಿನ ಕೈಹಿಡಿದು ‘ಬಾ, ಮನೆಗೆ ಹೋಗೋಣ’ ಎನ್ನುವ ಕೆಲಸವು ಮಾತ್ರ ಎಂದಿಗೂ ಗೃಹಸ್ಥರದೇ.