ರಾಕ್‌ಗೂ ರಾಗಕ್ಕೂ ಒಂದೇ ಆಂಪ್ಲಿಫೈಯರ್: ಮನೆಯ ಸ್ಟೀರಿಯೋ ಆಯ್ಕೆ ಹೇಗೆ?

ಫರೀದಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಸಂಗೀತದ ಅಭಿರುಚಿ ಈಗ ಒಂದೇ ಬಗೆಯದಾಗಿ ಉಳಿದಿಲ್ಲ. ಹಿರಿಯರಿಗೆ ಭೀಮಸೇನ ಜೋಶಿಯವರ ಗಾಯನ ಬೇಕು, ನಡುವಯಸ್ಸಿನವರಿಗೆ ಸಿ. ಅಶ್ವತ್ಥರ ಭಾವಗೀತೆಗಳೂ 1987ರ ‘ಪ್ರೇಮಲೋಕ’ದ ಹಾಡುಗಳೂ ಬೇಕು, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ರಾಕ್ ಬೇಕು. ಇದರ ಪರಿಣಾಮವಾಗಿ ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿರುತ್ತಾರೆ. ಮಕ್ಕಳು ಏನನ್ನು ಕೇಳುತ್ತಿದ್ದಾರೆಂದು ಹಿರಿಯರಿಗೆ ತಿಳಿಯದು. ಹಿರಿಯರು ಕೇಳುವ ಕನ್ನಡ ಹಾಡು ಮಕ್ಕಳ ಕಿವಿಗೆ ಬೀಳದು. ಊರಿನಿಂದ 2,000 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ನಮಗೆ ಇದು ಸಣ್ಣ ನಷ್ಟವೇನಲ್ಲ. ಮನೆಯ ಹಜಾರದಲ್ಲಿ ಎಲ್ಲರೂ ಕೂಡಿ ಕೇಳಬಹುದಾದ ಒಂದು ಒಳ್ಳೆಯ ಸ್ಟೀರಿಯೋ ಇದಕ್ಕೆ ತಕ್ಕಮಟ್ಟಿನ ಪರಿಹಾರವಾದೀತು. ಅದರ ಹೃದಯವೆನಿಸಿದ ಆಂಪ್ಲಿಫೈಯರನ್ನು ಆರಿಸುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ರಾಕ್ ನಮಗೆ ಪರಕೀಯವೇ?

ರಾಕ್ ಎಂದರೆ ಬರಿಯ ಗದ್ದಲ ಎಂಬ ಭಾವನೆ ನಮ್ಮ ವಯಸ್ಸಿನ ಹಲವರಲ್ಲಿದೆ. ಆದರೆ ಭಾರತದಲ್ಲಿ ಈ ಸಂಗೀತದ ದೊಡ್ಡ ನೆಲೆಗಳಲ್ಲಿ ನಮ್ಮ ಬೆಂಗಳೂರೂ ಒಂದು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ತಂಡ ಅರಮನೆ ಮೈದಾನದಲ್ಲಿ ನುಡಿಸಿತು. 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ತಂಡದ ಕಾರ್ಯಕ್ರಮ ನಮ್ಮ ನೆರೆಯ ಗುರಗಾಂವ್‌ನಲ್ಲಿ ರದ್ದಾಯಿತು; ಎರಡೇ ದಿನಗಳ ನಂತರ ಬೆಂಗಳೂರಿನಲ್ಲಿ ಅದೇ ತಂಡದ ಕಾರ್ಯಕ್ರಮ ನಡೆಯಿತು. ದೆಹಲಿಯದೇ ಆದ ಇಂಡಿಯನ್ ಓಷನ್ ತಂಡ ರಾಕ್ ಲಯದೊಡನೆ ನಮ್ಮ ತಬಲಾವನ್ನು ಬೆಸೆದಿದೆ. ರಘು ದೀಕ್ಷಿತ್ ಅವರು ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರ್, ಡ್ರಮ್ಮುಗಳೊಡನೆ ಹಾಡಿ ಹೊಸ ತಲೆಮಾರಿಗೆ ತಲುಪಿಸಿದ್ದಾರೆ. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಂಗೀತ ನೀಡಿದ ಅಶ್ವತ್ಥರ ಷರೀಫರೂ ರಘು ದೀಕ್ಷಿತರ ಷರೀಫರೂ ಒಂದೇ ಪೆಟ್ಟಿಗೆಯಿಂದ ಚೆನ್ನಾಗಿ ಹೊಮ್ಮಬೇಕು. ನಮ್ಮ ಆಯ್ಕೆಗೆ ಇದೇ ಒರೆಗಲ್ಲು.

ರಾಕ್‌ಗೆಂದೇ ಬೇರೆ ಆಂಪ್ಲಿಫೈಯರ್ ಉಂಟೇ?

ಇಲ್ಲವೆಂದೇ ಹೇಳಬೇಕು. ಇಲ್ಲಿ ಒಂದು ಗೊಂದಲವನ್ನು ಬಿಡಿಸುವುದು ಅಗತ್ಯ. ಗಿಟಾರ್ ವಾದಕರು ವೇದಿಕೆಯಲ್ಲಿ ಬಳಸುವ ಆಂಪ್ಲಿಫೈಯರ್ ಬೇರೆ, ನಾವು ಮನೆಯಲ್ಲಿ ಬಳಸುವುದು ಬೇರೆ. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ 1962ರಲ್ಲಿ ತಯಾರಿಸತೊಡಗಿದಂತಹ ಗಿಟಾರ್ ಆಂಪ್ಲಿಫೈಯರುಗಳಲ್ಲಿ ಸ್ವರ ಒಡೆದು ಗರಗರವೆನ್ನುವುದು ದೋಷವಲ್ಲ, ಗುಣ. ವಾದಕರು ಬೇಕೆಂದೇ ಅದನ್ನು ಹೊರಡಿಸುತ್ತಾರೆ. ಆ ಗರಗರ ಧ್ವನಿಮುದ್ರಣದಲ್ಲಿ ಆಗಲೇ ಸೇರಿರುತ್ತದೆ. ಮನೆಯ ಆಂಪ್ಲಿಫೈಯರಿನ ಕೆಲಸ ಅದನ್ನು ಇದ್ದಂತೆಯೇ ದೊಡ್ಡದು ಮಾಡುವುದೇ ಹೊರತು ತನ್ನದೊಂದು ಗರಗರವನ್ನು ಸೇರಿಸುವುದಲ್ಲ. ತಂಬೂರಿಯ ಝೇಂಕಾರವನ್ನು ಶುದ್ಧವಾಗಿ ಕೇಳಿಸುವ ಆಂಪ್ಲಿಫೈಯರ್, ಸಾಕಷ್ಟು ಶಕ್ತಿಯೂ ಇದ್ದರೆ, ರಾಕ್ ಸಂಗೀತವನ್ನೂ ಚೆನ್ನಾಗಿಯೇ ಕೇಳಿಸುತ್ತದೆ.

ವ್ಯತ್ಯಾಸವಿರುವುದು ಶಕ್ತಿಯ ಬೇಡಿಕೆಯಲ್ಲಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಂತಹ ಮಂದ್ರ ನಾದಕ್ಕೂ ಡ್ರಮ್ಮಿನ ಪೆಟ್ಟಿಗೂ ಆಂಪ್ಲಿಫೈಯರಿನಿಂದ ಹೆಚ್ಚು ವಿದ್ಯುತ್ ಹರಿಯಬೇಕು. ಜೊತೆಗೆ ಇತ್ತೀಚಿನ ರಾಕ್ ಮುದ್ರಣಗಳಲ್ಲಿ ಸದ್ದು ಮೊದಲಿನಿಂದ ಕೊನೆಯವರೆಗೂ ಒಂದೇ ಎತ್ತರದಲ್ಲಿರುತ್ತದೆ. ಆಂಪ್ಲಿಫೈಯರಿಗೆ ವಿರಾಮವೇ ಇಲ್ಲ. ಖ್ಯಾಲಿನಲ್ಲಿ ಹಾಗಲ್ಲ. ಮೆಲ್ಲನೆಯ ಆಲಾಪದ ನಡುವೆ ಒಮ್ಮೆಲೇ ತಾರಸ್ಥಾಯಿಯ ತಾನ್ ಬರುತ್ತದೆ. ಒಂದಕ್ಕೆ ಸತತವಾದ ದುಡಿಮೆ, ಇನ್ನೊಂದಕ್ಕೆ ಕ್ಷಣಕಾಲದ ಕಸುವು ಬೇಕು. ಎರಡೂ ಇರಬೇಕಾದರೆ ಒಳಗಿನ ವಿದ್ಯುತ್ ಪೂರೈಕೆಯ ಭಾಗ, ಅಂದರೆ ಟ್ರಾನ್ಸ್‌ಫಾರ್ಮರ್ ಮತ್ತು ಕೆಪ್ಯಾಸಿಟರುಗಳು, ಗಟ್ಟಿಯಾಗಿರಬೇಕು.

ಎಷ್ಟು ವ್ಯಾಟ್ ಸಾಕು?

ಪೆಟ್ಟಿಗೆಯ ಮೇಲೆ ಅಚ್ಚಾದ ‘ಪಿಎಂಪಿಒ’ ಎಂಬ ಸಾವಿರಾರು ವ್ಯಾಟ್‌ಗಳಿಗೆ ಬೆಲೆ ಕೊಡಬೇಕಾಗಿಲ್ಲ. ಅದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ. ನೋಡಬೇಕಾದದ್ದು ಪ್ರತಿ ಚಾನೆಲ್‌ಗೆ, 8 ಓಮ್ ಸ್ಪೀಕರಿಗೆ, ಎರಡೂ ಚಾನೆಲ್ ಒಟ್ಟಿಗೆ ನುಡಿಯುವಾಗ, 20ರಿಂದ 20,000 ಹರ್ಟ್ಸ್‌ವರೆಗೆ ನಿರಂತರವಾಗಿ ದೊರೆಯುವ ವ್ಯಾಟ್‌ಗಳನ್ನು. ಈ ಮೋಸವನ್ನು ತಡೆಯಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದು, 2024ರಲ್ಲಿ ಅದನ್ನು ಬಿಗಿಗೊಳಿಸಿತು.

ಲೆಕ್ಕವನ್ನು ನಾವೇ ಮಾಡಿ ನೋಡೋಣ. ಸ್ಪೀಕರಿನ ವಿವರಪತ್ರದಲ್ಲಿ ‘88 ಡೆಸಿಬಲ್’ ಎಂದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆಂದು ಅರ್ಥ. ಸಾಧಾರಣ ಹಜಾರದಲ್ಲಿ 3 ಮೀಟರ್ ದೂರ ಕುಳಿತರೆ, ಎರಡು ಸ್ಪೀಕರುಗಳೂ ಸೇರಿ, ಅದು ಸುಮಾರು 83 ಡೆಸಿಬಲ್ ಆಗಬಹುದು. ಇದು ಸಾಕಷ್ಟು ಜೋರಾದ ಸದ್ದೇ. ಮಾತನಾಡುತ್ತ ಕೇಳುವ 73 ಡೆಸಿಬಲ್‌ಗೆ ವ್ಯಾಟಿನ ಹತ್ತನೆಯ ಒಂದು ಭಾಗ ಸಾಕು. ಆದರೆ ಜೋರಾಗಿ ಕೇಳುವಾಗ ಡ್ರಮ್ಮಿನ ಪೆಟ್ಟು ಸರಾಸರಿಗಿಂತ 15 ಡೆಸಿಬಲ್ ಮೇಲೇರಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಶಕ್ತಿ ಇಮ್ಮಡಿಯಾಗಬೇಕು. ಎಂದರೆ 1 ವ್ಯಾಟ್ ಹೋಗಿ 32 ವ್ಯಾಟ್ ಆಯಿತು. ಆದ್ದರಿಂದ ಇಂತಹ ಸ್ಪೀಕರಿಗೆ 40ರಿಂದ 60 ವ್ಯಾಟ್‌ಗಳ ಆಂಪ್ಲಿಫೈಯರ್ ಧಾರಾಳವಾಯಿತು. ಸ್ಪೀಕರ್ 82 ಡೆಸಿಬಲ್‌ನದಾದರೆ ಇದೇ ಸದ್ದಿಗೆ ನಾಲ್ಕರಷ್ಟು, ಅಂದರೆ ಸುಮಾರು 128 ವ್ಯಾಟ್ ಬೇಕು. ಮೊದಲು ಸ್ಪೀಕರನ್ನು ಗೊತ್ತುಮಾಡಿ ಬಳಿಕ ಆಂಪ್ಲಿಫೈಯರ್ ನೋಡಬೇಕೆಂಬುದು ಇದಕ್ಕಾಗಿಯೇ.

ಶಕ್ತಿ ಸಾಲದ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿದಾಗ ಅಲೆಯ ತುದಿ ಕತ್ತರಿಸಿಹೋಗಿ ಸ್ವರ ಕರ್ಕಶವಾಗುತ್ತದೆ. ಸ್ಪೀಕರಿನ ಚಿಕ್ಕ ಟ್ವೀಟರ್ ಸುಡುವುದೂ ಉಂಟು. ಹಾಗೆಂದು ವ್ಯಾಟ್ ಸಂಖ್ಯೆಯೊಂದೇ ಎಲ್ಲವೂ ಅಲ್ಲ. 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರ್ ಕಾಗದದ ಮೇಲೆ ಕೇವಲ 20 ವ್ಯಾಟ್‌ನದು. ಆದರೂ ಕ್ಷಣಕಾಲದ ಬೇಡಿಕೆಗೆ ಅದು ಹೆಚ್ಚು ಶಕ್ತಿ ಒದಗಿಸಬಲ್ಲದಾಗಿದ್ದರಿಂದ ಜಗತ್ತಿನಾದ್ಯಂತ ಮನ್ನಣೆ ಗಳಿಸಿತು. 8 ಓಮ್‌ಗೆ 50 ವ್ಯಾಟ್ ಕೊಡುವ ಆಂಪ್ಲಿಫೈಯರ್ 4 ಓಮ್‌ಗೆ 80 ಅಥವಾ ಅದಕ್ಕೂ ಹೆಚ್ಚು ಕೊಡುವುದಾದರೆ ಅದರ ವಿದ್ಯುತ್ ಪೂರೈಕೆ ಗಟ್ಟಿಯಾಗಿದೆಯೆಂದು ತಿಳಿಯಬಹುದು.

ಯಾವ ಬಗೆ, ಯಾವ ಸೌಲಭ್ಯ?

‘ಎಬಿ ವರ್ಗ’ದ ಆಂಪ್ಲಿಫೈಯರುಗಳು ಭಾರವಾಗಿದ್ದು ಹೆಚ್ಚು ಬಿಸಿಯಾಗುತ್ತವೆ. ‘ಡಿ ವರ್ಗ’ದವು ಹಗುರ, ವಿದ್ಯುತ್ ಉಳಿತಾಯ, ಬಿಸಿಯೂ ಕಡಿಮೆ. ಇಂದು ಎರಡರಲ್ಲಿಯೂ ಉತ್ತಮವಾದವು ದೊರೆಯುತ್ತವೆ. ಯಮಹಾ, ಡೆನಾನ್, ಮರಾಂಟ್ಜ್ ಮುಂತಾದ ಜಪಾನಿ ಹೆಸರುಗಳಲ್ಲದೆ, 1970ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸೋನೋಡೈನ್‌ನಂತಹ ಸ್ವದೇಶಿ ಸಂಸ್ಥೆಯ ಹೆಸರೂ ನಮ್ಮವರಿಗೆ ಪರಿಚಿತವೇ.

ಮಂದ್ರ ಮತ್ತು ತಾರ ಸ್ವರಗಳನ್ನು ಹೊಂದಿಸುವ ಬೇಸ್, ಟ್ರೆಬಲ್ ಗುಂಡಿಗಳಿರುವ ಆಂಪ್ಲಿಫೈಯರನ್ನೇ ಆರಿಸಿಕೊಳ್ಳಿ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಕನ್ನಡ ಹಾಡುಗಳಿಗೂ ಹೊಸ ರಾಕ್ ಮುದ್ರಣಗಳಿಗೂ ಒಂದೇ ಹೊಂದಾಣಿಕೆ ಒಗ್ಗುವುದಿಲ್ಲ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಮಂದ್ರ ಸ್ವರಗಳು ಹೆಚ್ಚು ಕ್ಷೀಣವಾಗಿ ಕೇಳುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿಕೊಟ್ಟರು. ‘ಲೌಡ್‌ನೆಸ್’ ಗುಂಡಿ ಇರುವುದು ಈ ಕೊರತೆಯನ್ನು ತುಂಬಲು. ರಾತ್ರಿ ಮೆಲ್ಲಗೆ ರಾಕ್ ಕೇಳುವವರಿಗೆ ಅದು ಬಹಳ ಉಪಯುಕ್ತ. ಗ್ರಾಮಫೋನ್ ತಟ್ಟೆಗಳಿರುವವರು ‘ಫೋನೋ’ ಜೋಡಣೆ ಇದೆಯೇ ಎಂದೂ, ಟಿವಿ, ಮೊಬೈಲ್‌ಗಳಿಂದ ಕೇಳುವವರು ಡಿಜಿಟಲ್ ಮತ್ತು ಬ್ಲೂಟೂತ್ ಜೋಡಣೆ ಇದೆಯೇ ಎಂದೂ ವಿಚಾರಿಸಿಕೊಳ್ಳಬೇಕು.

ನಮ್ಮ ಗಣೇಶೋತ್ಸವ, ರಾಜ್ಯೋತ್ಸವಗಳಂತಹ ಸಮಾರಂಭಗಳಲ್ಲಿ ಕಾಣುವ ಅಹುಜಾ ಆಂಪ್ಲಿಫೈಯರುಗಳು ದೆಹಲಿಯದೇ ತಯಾರಿಕೆ, ಅವುಗಳ ಕೆಲಸಕ್ಕೆ ಅವು ಸೈ. ಆದರೆ ಅಂತಹ ಸಭಾ ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು ಮಾತನ್ನು ದೂರಕ್ಕೆ ಮುಟ್ಟಿಸಲೆಂದು ರೂಪಿಸಿದ ಒಂದೇ ಚಾನೆಲ್‌ನ ಯಂತ್ರಗಳು. ಮನೆಯ ಸ್ಟೀರಿಯೋಗೆ ಅವು ಹೊಂದುವುದಿಲ್ಲ.

ಫರೀದಾಬಾದಿನ ಮನೆಗಳಲ್ಲಿ ಗಮನಿಸಬೇಕಾದ್ದು

ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 45 ಡಿಗ್ರಿ ಮುಟ್ಟುತ್ತದೆ. ಆಂಧಿ ಎದ್ದರೆ ಮನೆಯೆಲ್ಲ ಧೂಳು. ಆಂಪ್ಲಿಫೈಯರನ್ನು ಮುಚ್ಚಿದ ಷೋಕೇಸಿನೊಳಗೆ ತುರುಕದೆ, ಸುತ್ತಲೂ ಮೇಲೂ ಗಾಳಿಯಾಡುವಂತೆ ಇಡಬೇಕು. ಹೊದಿಕೆ ಹಾಕುವುದು ಆರಿಸಿ ತಣ್ಣಗಾದ ಮೇಲೆ ಮಾತ್ರ. ಹಳೆಯ ಬಗೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗುಂಯ್ಯೆಂಬ ಸದ್ದು ಬರುವುದುಂಟು. ಸೈನ್ ವೇವ್ ಇನ್ವರ್ಟರ್ ಒಳ್ಳೆಯದು. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಇಲ್ಲಿನ ಫ್ಲಾಟುಗಳ ನುಣುಪು ನೆಲವೂ ಬರಿಗೋಡೆಯೂ ಸದ್ದನ್ನು ಮಾರ್ದನಿಸುತ್ತವೆ. ಅಲ್ಲಿ ಎಷ್ಟು ದುಬಾರಿ ಆಂಪ್ಲಿಫೈಯರಾದರೂ ಹಾಡಿನ ಮಾತು ಸ್ಪಷ್ಟವಾಗದು. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಇಷ್ಟರಿಂದಲೇ ಬಹಳ ಸುಧಾರಿಸುತ್ತದೆ. ಸ್ಪೀಕರುಗಳನ್ನು ಮೂಲೆಗೆ ತಳ್ಳಿದರೆ ಮಂದ್ರ ಸ್ವರ ಗುಮ್ಮೆಂದು ಉಬ್ಬುತ್ತದೆ. ಸ್ವಲ್ಪ ಮುಂದಕ್ಕೆ ತನ್ನಿ.

ನೆರೆಯವರನ್ನೂ ನೆನೆಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್. ಗೋಡೆ ದಾಟಿ ಹೋಗುವುದು ಹೆಚ್ಚಾಗಿ ಮಂದ್ರ ಸ್ವರವೇ. ರಾತ್ರಿ ಬೇಸ್ ತಗ್ಗಿಸಿದರೆ ಅರ್ಧ ಜಗಳ ತಪ್ಪೀತು. ಮಕ್ಕಳ ಕಿವಿಯ ಮಾತು ಇನ್ನೂ ಮುಖ್ಯ. ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ ಸುರಕ್ಷಿತ; ಮಕ್ಕಳಿಗೆ ಮಿತಿ ಇದಕ್ಕಿಂತ ಕಡಿಮೆ. 90 ಡೆಸಿಬಲ್‌ನಲ್ಲಿ ದೊಡ್ಡವರಿಗೂ 4 ಗಂಟೆ ಮಾತ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಕಿವಿಯೊಳಗಿನ ಇಯರ್‌ಫೋನ್ ಎಷ್ಟು ಜೋರಾಗಿದೆಯೆಂದು ತಂದೆತಾಯಿಗಳಿಗೆ ತಿಳಿಯದು. ಹಜಾರದ ಸ್ಪೀಕರ್ ಜೋರಾದರೆ ಅಡುಗೆಮನೆಯಿಂದಲೇ ಗದರಿಸಬಹುದು!

ಕೊಳ್ಳುವ ಮುನ್ನ

ಹಣದ ಹೆಚ್ಚಿನ ಪಾಲು ಸ್ಪೀಕರಿಗಿರಲಿ, ಉಳಿದದ್ದು ಆಂಪ್ಲಿಫೈಯರಿಗೆ. ತಂತಿಗಳಿಗೆ ದುಂದು ಬೇಡ. ಸರಿಯಾದ ದಪ್ಪದ ತಾಮ್ರದ ತಂತಿ ಸಾಕು. ಕಂತಿನಲ್ಲಿ ಕೊಳ್ಳುವವರು ‘ಬಡ್ಡಿಯಿಲ್ಲ’ ಎಂಬ ಮಾತಿಗೆ ಮರುಳಾಗಬಾರದು. ಕ್ರೆಡಿಟ್ ಕಾರ್ಡಿನ ಇಂತಹ ಶೂನ್ಯ ಬಡ್ಡಿಯ ಯೋಜನೆಗಳಲ್ಲಿ ಬಡ್ಡಿಯು ಸಂಸ್ಕರಣಾ ಶುಲ್ಕದ ರೂಪದಲ್ಲಿ ಅಡಗಿರುತ್ತದೆಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಎಚ್ಚರಿಸಿದೆ. ನಗದು ಬೆಲೆಯನ್ನೂ ಕಂತುಗಳ ಒಟ್ಟು ಮೊತ್ತವನ್ನೂ ಹೋಲಿಸಿ ನೋಡಿ.

ಅಂಗಡಿಗೆ ಮನೆಯವರೆಲ್ಲರೂ ಕೂಡಿ ಹೋಗುವುದು ಲೇಸು. ಹಿರಿಯರು ಒಂದು ಆಲಾಪವನ್ನು, ಮಕ್ಕಳು ಒಂದು ರಾಕ್ ಹಾಡನ್ನು ಆರಿಸಿಕೊಳ್ಳಲಿ. ಷರೀಫರ ಒಂದು ಪದವನ್ನು ಎರಡೂ ಶೈಲಿಗಳಲ್ಲಿ ಕೇಳಿರಿ. ಒಂದರಲ್ಲಿ ಮಾತಿನ ಒಂದೊಂದು ಅಕ್ಷರವೂ ತಿಳಿಯಾಗಿರಬೇಕು. ಇನ್ನೊಂದರಲ್ಲಿ ಡ್ರಮ್ಮಿನ ಪೆಟ್ಟು ಬಿಗಿಯಾಗಿ ಬಿದ್ದು ಅಲ್ಲಿಗೇ ನಿಲ್ಲಬೇಕು. ಸ್ವಲ್ಪ ಜೋರು ಮಾಡಿದಾಗಲೂ ಕಿವಿ ದಣಿಯಬಾರದು. ಎರಡನ್ನೂ ಸಮವಾಗಿ ಗೌರವಿಸುವ ಆಂಪ್ಲಿಫೈಯರೇ ನಮ್ಮ ಮನೆಗಳಿಗೆ ತಕ್ಕುದು. ಅದನ್ನು ತಂದ ಮೇಲೆ ಭಾನುವಾರದ ಒಂದು ಗಂಟೆ ಮಕ್ಕಳ ಸರದಿ, ಇನ್ನೊಂದು ಗಂಟೆ ಹಿರಿಯರ ಸರದಿ ಎಂದು ಗೊತ್ತುಮಾಡಿಕೊಂಡರೆ ಇಬ್ಬರ ಹಾಡೂ ಇಬ್ಬರಿಗೂ ಪರಿಚಯವಾದೀತು.