ಬೈಟ್‌ನಿಂದ ಇ1ಗೆ: ಎಂಟರ ಲೆಕ್ಕ

ಕಂಪ್ಯೂಟರಿನಲ್ಲಿ ಒಂದು ಫೈಲ್ ಡೌನ್‌ಲೋಡ್ ಆಗ್ತಾ ಇದೆ. ಮೂಲೆಯಲ್ಲಿ ವೇಗ ನೋಡಿ: ಸೆಕೆಂಡಿಗೆ 256 ಕಿಲೋಬೈಟ್. ಇದೇ ಅಂಕಿಯನ್ನ ಟೆಲಿಫೋನ್ ಎಕ್ಸ್‌ಚೇಂಜಿನ ಎಂಜಿನಿಯರಿಗೆ ಹೇಳಿದರೆ, "ಓ, ಒಂದು ಇ1 ಅಷ್ಟು" ಅಂತಾರೆ.

ಹೇಗೆ? ಕಂಪ್ಯೂಟರ್ ಎಣಿಸೋದು ಬೈಟ್‌ನಲ್ಲಿ, ಟೆಲಿಕಾಂ ಎಣಿಸೋದು ಬಿಟ್‌ನಲ್ಲಿ. ಒಂದು ಬೈಟ್‌ಗೆ 8 ಬಿಟ್. 256ನ್ನ 8ರಿಂದ ಗುಣಿಸಿ. ಸೆಕೆಂಡಿಗೆ 2048 ಕಿಲೋಬಿಟ್, ಇ1 ಅನ್ನೋ ಟೆಲಿಫೋನ್ ಲೈನಿನ ವೇಗ ಅದೇ.

ಈ 2048 ಎಲ್ಲಿಂದ ಬಂತು? ನಮ್ಮ ದನಿಯಿಂದ! ನೀವು ಫೋನಿನಲ್ಲಿ "ಹಲೋ" ಅಂದಾಗ ಆ ದನಿಯನ್ನ ಸೆಕೆಂಡಿಗೆ 8000 ಸಲ ಅಳೀತಾರೆ. ಪ್ರತಿ ಅಳತೆಗೂ 8 ಬಿಟ್. ಒಟ್ಟು 64 ಕಿಲೋಬಿಟ್, ಅಂದ್ರೆ ಒಂದು ಚಾನೆಲ್. ಅಂಥ 32 ಚಾನೆಲ್ ಸೇರಿದರೆ ಒಂದು ಇ1. ಮಾತಿಗೆ 30, ಉಳಿದೆರಡು, ತಾಳ ತಪ್ಪದಂತೆ ನೋಡಿಕೊಳ್ಳೋಕೆ ಮತ್ತು ಕರೆ ಜೋಡಿಸೋ ಸಂಕೇತಕ್ಕೆ. ಭಾರತದಲ್ಲೂ ಯುರೋಪಿನಲ್ಲೂ ಇದೇ ಪದ್ಧತಿ. ಅಮೆರಿಕದ್ದು 24 ಚಾನೆಲ್‌ನ ಟಿ1, 1.544 ಮೆಗಾಬಿಟ್.

ಆದರೆ ಒಂದು ಕಡೆ ಬರೀ ಭಾಗಾಕಾರ ಕೈಕೊಡುತ್ತೆ. ಹಲವು ಇ1ಗಳನ್ನ ಒಟ್ಟಿಗೆ ಹೊತ್ತು ಫೈಬರ್ ಮೇಲೆ ಹೋಗೋ ಎಸ್‌ಟಿಎಂ-1 ವೇಗ 155.52 ಮೆಗಾಬಿಟ್. ಎಷ್ಟು ಇ1 ಹಿಡಿಸುತ್ತೆ ಅಂತ ಅದನ್ನ ಇ1ನ 2.048 ಮೆಗಾಬಿಟ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 76 ಬರುತ್ತೆ. ಅದರಲ್ಲಿ ಹಿಡಿಸೋದು ಮಾತ್ರ 63 ಇ1! ಮಿಕ್ಕ ಜಾಗವೆಲ್ಲ ಉಸ್ತುವಾರಿಯ ಬಿಟ್‌ಗಳಿಗೆ, ಹೊಂದಾಣಿಕೆಯ ಬಿಟ್‌ಗಳಿಗೆ ಮೀಸಲು.

ಹಾಗಾಗಿ ಬೈಟ್ ಕಂಡರೆ 8ರಿಂದ ಗುಣಿಸಿ. ಎಸ್‌ಟಿಎಂ-1 ಕಂಡರೆ ಮಾತ್ರ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು, 63 ಅಂತಲೇ ಬರೆದುಕೊಳ್ಳಿ.