ರಕ್ತದ ಮಾದರಿಗೆ ಬೆರಕೆ, ವರದಿಗೆ ತಪ್ಪು ಅಂಕಿ

ರಕ್ತ ಪರೀಕ್ಷೆಯ ವರದಿ ತಪ್ಪಾಗಲು ಯಂತ್ರವೇ ಕೆಟ್ಟಿರಬೇಕೆಂದಿಲ್ಲ. ಯಂತ್ರ ಸರಿಯಾಗಿಯೇ ಅಳೆದಿರುತ್ತದೆ, ಆದರೆ ಅದಕ್ಕೆ ಕೊಟ್ಟ ರಕ್ತದಲ್ಲಿ ಬೇರೇನೋ ಬೆರೆತಿರುತ್ತದೆ. ಟ್ಯೂಬಿನ ರಾಸಾಯನಿಕ, ಡ್ರಿಪ್ಪಿನ ದ್ರಾವಣ, ಚರ್ಮದ ಬ್ಯಾಕ್ಟೀರಿಯಾ, ಬೆರಳಿಗಂಟಿದ ಹಣ್ಣಿನ ರಸ ಹೀಗೆ ಬೆರೆಯುವುದುಂಟು. ಬಹುಪಾಲು ತಪ್ಪು ನಡೆಯುವುದು ರಕ್ತ ತೆಗೆಯುವ ಆ ಒಂದೆರಡು ನಿಮಿಷಗಳಲ್ಲೇ.

ಇವುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ನೇರಳೆ ಮುಚ್ಚಳದ ಟ್ಯೂಬು. ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆಗೆ ಬಳಸುವ ಈ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ಪೊಟ್ಯಾಸಿಯಂ ಲವಣ ಹಾಕಿರುತ್ತಾರೆ. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆಂದು ಇದರಿಂದ ಒಂದಿಷ್ಟು ಸುರಿದರೆ ಲವಣವೂ ಜೊತೆಗೆ ಹೋಗುತ್ತದೆ. ಆಗ ಮೂರು ಅಂಕಿಗಳು ಒಟ್ಟಿಗೆ ಕೆಡುತ್ತವೆ. ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದ ಪೊಟ್ಯಾಸಿಯಂ 7, 8 ದಾಟುತ್ತದೆ. ಇಡಿಟಿಎ ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದರಿಂದ ಅದು ಪಾತಾಳಕ್ಕಿಳಿದಂತೆ ಕಾಣುತ್ತದೆ. ಸತು, ಮೆಗ್ನೀಸಿಯಂ ಇಲ್ಲದೆ ಕೆಲಸ ಮಾಡದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವೂ ಕುಗ್ಗುತ್ತದೆ. ಕ್ಯಾಲ್ಸಿಯಂ ನಿಜಕ್ಕೂ ಡೆಸಿಲೀಟರಿಗೆ 4 ಮಿಲಿಗ್ರಾಂಗೆ ಇಳಿದವರ ಕೈಕಾಲು ಸಾಮಾನ್ಯವಾಗಿ ಸೆಟೆದುಕೊಳ್ಳುತ್ತವೆ. ರೋಗಿ ಆರಾಮವಾಗಿ ಕುಳಿತು ಮಾತಾಡುತ್ತಿದ್ದರೆ ಮೊದಲು ಸಂಶಯಪಡಬೇಕಾದ್ದು ಟ್ಯೂಬನ್ನು.

ಇಲ್ಲಿ ಎಡವಿದರೆ ಜೀವಕ್ಕೇ ಕುತ್ತು. ಪೊಟ್ಯಾಸಿಯಂ ಏರಿದೆಯೆಂದು ಇನ್ಸುಲಿನ್ ಕೊಟ್ಟರೆ ಸರಿಯಾಗಿದ್ದ ಪೊಟ್ಯಾಸಿಯಂ ನಿಜವಾಗಿಯೇ ಕುಸಿದು ಹೃದಯದ ಬಡಿತ ತಾಳ ತಪ್ಪಬಹುದು. ಬೆರಕೆ ಅಲ್ಪವಾಗಿದ್ದರೆ ಅಪಾಯ ಇನ್ನೂ ಗುಟ್ಟಿನದು: ಪೊಟ್ಯಾಸಿಯಂ ಕಡಿಮೆಯಿರುವ ರೋಗಿಯ ಅಂಕಿಯನ್ನು ಅದು ಸಹಜ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ, ಯಾರಿಗೂ ಅನುಮಾನ ಬಾರದು. ಟ್ಯೂಬುಗಳನ್ನು ತುಂಬಲು ಕ್ರಮ ಗೊತ್ತುಮಾಡಿರುವುದು ಇದಕ್ಕಾಗಿಯೇ. ಮೊದಲು ರಕ್ತದಲ್ಲಿ ಬ್ಯಾಕ್ಟೀರಿಯಾ ಇವೆಯೇ ಎಂದು ಬೆಳೆಸಿ ನೋಡುವ ಕಲ್ಚರ್ ಬಾಟಲಿ, ಆಮೇಲೆ ನೀಲಿ, ಕೆಂಪು ಅಥವಾ ಹಳದಿ, ನಂತರ ನೇರಳೆ, ಕೊನೆಗೆ ಬೂದು.

ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದರೂ ಹೀಗೆಯೇ. ಶೇ. 5ರ ಡೆಕ್ಸ್‌ಟ್ರೋಸ್‌ನಲ್ಲಿ ಡೆಸಿಲೀಟರಿಗೆ 5,000 ಮಿಲಿಗ್ರಾಂ ಸಕ್ಕರೆಯಿದೆ. ಮಾದರಿಯಲ್ಲಿ ಅದು ನೂರಕ್ಕೆ ಹತ್ತು ಪಾಲು ಸೇರಿದರೂ ಸಕ್ಕರೆ ಸುಮಾರು 500ರಷ್ಟು ಹೆಚ್ಚಾಗಿ ಕಾಣುತ್ತದೆ, ಹಿಮೋಗ್ಲೋಬಿನ್ ತೆಳುವಾಗಿ ಇಳಿಯುತ್ತದೆ. ಇನ್ನೊಂದು ಕೈಯಿಂದ ತೆಗೆಯುವುದೇ ಪರಿಹಾರ.

ಕಲ್ಚರ್ ಪರೀಕ್ಷೆಯಲ್ಲಿ ಬೆರೆಯುವುದು ಚರ್ಮದ ಮೇಲೆ ಸಹಜವಾಗಿ ಬದುಕುವ ಸ್ಟ್ಯಾಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾ. ಹಚ್ಚಿದ ಸೋಂಕುನಿವಾರಕ ಒಣಗುವ ಮೊದಲೇ ಸೂಜಿ ಚುಚ್ಚಿದರೆ ಅವು ಬಾಟಲಿ ಸೇರಿ ಬೆಳೆಯುತ್ತವೆ, ಬೇಡದ ಆಂಟಿಬಯಾಟಿಕ್ ರೋಗಿಯ ಮೈಸೇರುತ್ತದೆ. ಎರಡು ಕಡೆಯಿಂದ ರಕ್ತ ತೆಗೆದು, ಒಂದರಲ್ಲಿ ಮಾತ್ರ ಇವು ಬೆಳೆದರೆ ಬೆರಕೆಯ ಸಾಧ್ಯತೆಯೇ ಹೆಚ್ಚು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ತೆಗೆದ ರಕ್ತ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಬೇಕಾದಾಗ ಬೆರಕೆಯಿಲ್ಲದೆಯೂ ಅಂಕಿ ಕೆಡಬಹುದು. ಸೀರಂ ಬೇರ್ಪಡಿಸದೆ ಇಟ್ಟರೆ ಕಣಗಳು ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆಯನ್ನು ತಿಂದುಬಿಡುತ್ತವೆ. ಬೇಸಿಗೆಯ ಬಿಸಿಲಿನಲ್ಲಿ ಇದು ಇನ್ನೂ ಬೇಗ. ಕಣಗಳು ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಬರುತ್ತದೆ, ಆದರೆ ಕ್ಯಾಲ್ಸಿಯಂ ಪಾತಾಳಕ್ಕಿಳಿಯುವುದಿಲ್ಲ. ಇಡಿಟಿಎ ಬೆರಕೆಯಿಂದ ಇದನ್ನು ಬೇರ್ಪಡಿಸಿ ನೋಡುವುದು ಹೀಗೆ.

ಮನೆಯ ಗ್ಲೂಕೋಮೀಟರ್ ಬಳಸುವವರು ಗಮನಿಸಬೇಕಾದ ಬೆರಕೆ ಹಣ್ಣಿನದು. ಹಿರಿಯೂರು, ಹೊಸದುರ್ಗ ಸೀಮೆಯಲ್ಲಿ ದಾಳಿಂಬೆ ಬೆಳೆಯುವವರು ಬಹಳ. ಹಣ್ಣು ಬಿಡಿಸಿದ ಕೈಯಲ್ಲೇ ಬೆರಳು ಚುಚ್ಚಿಕೊಂಡರೆ, ಸಾಸಿವೆಗಿಂತ ಸಣ್ಣ ರಕ್ತದ ಹನಿಗೆ ಚರ್ಮದ ಮೇಲಿನ ಸಕ್ಕರೆ ಸೇರಿ ಅಂಕಿ ಜಿಗಿಯುತ್ತದೆ. 2011ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ದ್ರಾಕ್ಷಿ, ಕಿತ್ತಳೆ, ಕಿವಿ ಹಣ್ಣುಗಳನ್ನು ಸುಲಿದವರಿಗೆ ಹೀಗಾಯಿತು. ಸ್ಪಿರಿಟ್ ಹತ್ತಿಯಿಂದ ಐದು ಸಲ ಒರೆಸಿದರೂ ತಪ್ಪು ಪೂರ್ತಿ ಹೋಗಲಿಲ್ಲ, ನೀರಿನಲ್ಲಿ ತೊಳೆದಾಗ ಹೋಯಿತು. ತೊಳೆದ ಬೆರಳನ್ನು ಚೆನ್ನಾಗಿ ಒಣಗಿಸಿಯೇ ಚುಚ್ಚಬೇಕು, ಇಲ್ಲದಿದ್ದರೆ ನೀರು ಬೆರೆತು ಅಂಕಿ ಕೆಳಗಿಳಿಯುತ್ತದೆ.